ಉದ್ದ ಬಾಲದ ಳ

ಆ ಹಾಳೆಯ ಮೇಲೆ ಮೂರು ಕಡೆ ಬಿಳಿ ಟೇಪು ಅಂಟಿಸಿದೆ. ಹೆಸರಿನ ಮೇಲೆ ಒಂದು, ಊರಿನ ಹೆಸರು ಬಂದ ಎರಡು ಜಾಗಗಳಲ್ಲಿ ಒಂದೊಂದು. ಆಮೇಲೆ ಫೋನಿನಲ್ಲಿ ಫೋಟೋ ತೆಗೆದು, ಅಂಚು ಕತ್ತರಿಸಿ, ಮರುದಿನದ ಪಾಠದ ಸ್ಲೈಡುಗಳ ನಡುವೆ ಸೇರಿಸಿದೆ. ಎಲ್ಲ ಸೇರಿ ಐದು ನಿಮಿಷದ ಕೆಲಸ. ಆ ಐದು ನಿಮಿಷವನ್ನು ಈಗಲೂ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಸುತ್ತೇನೆ. ಮನಸ್ಸಿನಲ್ಲಿ ಮಾತ್ರ, ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟು ಹಾಳೆಯನ್ನು ಬೀರುವಿಗೆ ಸೇರಿಸಿ ಎದ್ದು ಹೋಗುತ್ತೇನೆ.

ನಾನು ಚಿಕ್ಕಬಳ್ಳಾಪುರದ ಒಂದು ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಜೊತೆಗೆ ಸಂಶೋಧನೆ ನಡೆಯುತ್ತಿತ್ತು. ಇಪ್ಪತ್ತೆರಡರಿಂದ ಮೂವತ್ತು ವಯಸ್ಸಿನವರು ಓದಿನಿಂದ ಕೆಲಸಕ್ಕೆ, ಹೆತ್ತವರ ಮನೆಯಿಂದ ಬಾಡಿಗೆ ಮನೆಗೆ, ಒಂಟಿತನದಿಂದ ಸಂಸಾರಕ್ಕೆ ದಾಟುವಾಗ ‘ನಾನು ಯಾರು’ ಎಂಬ ಪ್ರಶ್ನೆಗೆ ಉತ್ತರವನ್ನು ಹೇಗೆ ಕಟ್ಟಿಕೊಳ್ಳುತ್ತಾರೆ ಎಂಬುದು ವಿಷಯ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟಗಳಲ್ಲಿ ಬಸ್ಸು ಹಿಡಿದು ಅಲೆದು ಜನರನ್ನು ಮಾತನಾಡಿಸುತ್ತಿದ್ದೆ.

ವಿಧಾನ ಸರಳ. ಒಂದು ದೊಡ್ಡ ಹಾಳೆ, ನಡುವೆ ಅಡ್ಡಕ್ಕೆ ಒಂದು ಗೆರೆ. ಎಡತುದಿ ಹುಟ್ಟು, ಬಲತುದಿ ಇವತ್ತು. ಒಳ್ಳೆಯದಾಯಿತು ಅನ್ನಿಸಿದ್ದನ್ನು ಗೆರೆಯ ಮೇಲೆ ಬರೆಯಬೇಕು, ಕಷ್ಟವಾದದ್ದನ್ನು ಕೆಳಗೆ. ಎಷ್ಟು ಒಳ್ಳೆಯದೋ ಅಷ್ಟು ಎತ್ತರ, ಎಷ್ಟು ಕಷ್ಟವೋ ಅಷ್ಟು ಆಳ. ಬರೆಯುವವರೆಗೆ ನಾನು ಮಾತನಾಡುವುದಿಲ್ಲ. ಬರೆದ ಮೇಲೆ ಒಂದೊಂದೇ ಬಿಂದುವಿಗೆ ಬೆರಳಿಟ್ಟು ಕೇಳುತ್ತೇನೆ.

ಆ ಹಾಳೆಗಳ ವಿಷಯದಲ್ಲಿ ನನ್ನ ಮಾರ್ಗದರ್ಶಕರು ಹಾಕಿಕೊಟ್ಟ ಕ್ರಮವಿತ್ತು. ಮೂಲ ಹಾಳೆ ಬೀರುವಿನಿಂದ ಹೊರಗೆ ಬರಬಾರದು. ಯಾರಿಗಾದರೂ ತೋರಿಸುವುದಾದರೆ ಗೆರೆಯನ್ನು ಹೊಸದಾಗಿ ಎಳೆದು, ಬರಹವನ್ನು ಟೈಪ್ ಮಾಡಿ, ಊರು, ಕೆಲಸ, ವಯಸ್ಸು ಬದಲಿಸಬೇಕು. ಹಾಗೆ ಬದಲಿಸಿದ್ದನ್ನು ಬರೆದವರಿಗೇ ಮೊದಲು ತೋರಿಸಿ ಒಪ್ಪಿಗೆ ಪಡೆಯಬೇಕು. ಇದನ್ನು ನಾನು ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದೇನೆ.

ಆ ಹಾಳೆ ಬರೆದವರು ಶಿಡ್ಲಘಟ್ಟದ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಲ್ಲಿ ಅವರನ್ನು ಟೀಚರ್ ಎಂದೇ ಕರೆಯುತ್ತೇನೆ. ಇಪ್ಪತ್ತೇಳು ವರ್ಷ. ಊರು ಗೌರಿಬಿದನೂರಿನ ಹತ್ತಿರದ ಒಂದು ಹಳ್ಳಿ. ತಂದೆ ತೀರಿಹೋಗಿದ್ದರು. ತಾಯಿಯನ್ನು ಕರೆದುಕೊಂಡು ಬಂದು, ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕೆಳಗೆ ಮನೆಯವರದೇ ರೇಷ್ಮೆ ನೂಲು ತೆಗೆಯುವ ಘಟಕ. ಅಂಗಳದ ಒಂದು ಪಕ್ಕ ತಗಡಿನ ಚಪ್ಪರ, ಅದರಡಿ ಗೂಡು ಬೇಯಿಸುವ ತೊಟ್ಟಿಗಳು. ಮೊದಲನೆಯ ತೊಟ್ಟಿ ಚಪ್ಪರದಿಂದ ಆಚೆಗೆ, ಮಹಡಿ ಮೆಟ್ಟಿಲಿನ ಕೆಳಗೇ ಇತ್ತು.

ಮೊದಲ ಸಲ ಹೋದಾಗ ಮನೆಯೊಡತಿ ಬಾಗಿಲಲ್ಲೇ ಸಿಕ್ಕರು.

“ಮಿಸ್ ಬೇಕಿತ್ತಾ? ಮೇಲವ್ರೆ, ಹೋಗಿ. ಹುಷಾರು ಮೇಡಂ, ಮೆಟ್ಲಿಗೆ ಕಂಬಿ ಇಲ್ಲ. ಹಾಕ್ಸಣ ಹಾಕ್ಸಣ ಅಂತ ನಮ್ಮನೆಯೋರು ಐದು ವರ್ಷದಿಂದ ಹೇಳ್ತಾನೇ ಅವ್ರೆ.”

ಸ್ವಲ್ಪ ಹೊತ್ತಿಗೆ ತಾವೇ ಕಾಫಿ ಹಿಡಿದುಕೊಂಡು ಮೇಲೆ ಬಂದರು. ನನ್ನದು ಯಾವ ಕಾಲೇಜು ಎಂದು ಕೇಳಿದರು. ಹೇಳಿದೆ.

“ನೋಡಿದ್ರಾ, ನಮ್ಮ ದೊಡ್ಡ ಹುಡುಗೀನೂ ಅಲ್ಲೇ, ಬಿಎ. ಚಿಕ್ಕವಳು ಈ ಮಿಸ್ ಹತ್ರ ಟ್ಯೂಷನ್ನು. ಇವ್ರು ಬಂದ ಮೇಲೆ ಅದರ ಅಕ್ಷರ ಮುತ್ತು ಪೋಣಿಸ್ದಂಗೆ ಆಗಿದೆ. ಆದ್ರೆ ಒಂದೇ ಒಂದು, ಳಕ್ಕೆಲ್ಲ ಕೋತಿ ಬಾಲ.”

ಟೀಚರ್ ನಕ್ಕರು. “ಬಾಲ ಇದ್ರೆ ತಾನೇ ಆಂಟಿ ಅದು ಲ ಅಲ್ಲ, ಳ ಅಂತ ಗೊತ್ತಾಗೋದು. ಇಲ್ಲಿ ಮಕ್ಕಳು ಹಾಲು, ಹಾಳು ಎರಡನ್ನೂ ಒಂದೇ ಮಾಡಿ ಕುಡಿದ್ಬಿಡ್ತಾರೆ.”

“ಹಾಳು ಕುಡಿಯೋಕೆ ಬೇರೆಯೋರವ್ರೆ ಬಿಡಮ್ಮ ನಮ್ಮ ಮನೇಲಿ,” ಎಂದು ಮನೆಯೊಡತಿ ಕೆಳಗಿದ್ದ ಗಂಡನ ಕಡೆಗೆ ಕಣ್ಣು ಮಾಡಿ ನಕ್ಕರು. ಏಳುವಾಗ ಗೋಡೆಯ ಮೇಲಿದ್ದ ಬುದ್ಧನ ಫೋಟೋ ನೋಡಿ, “ಎಷ್ಟು ಚೆನ್ನಾಗಿದೆ ಅಲ್ವಾ ಮೇಡಂ? ನಮ್ಮ ಹಾಲಿಗೂ ಅಂಥದ್ದೊಂದು ತರಿಸ್ಬೇಕು. ಮನೆಗೆ ಶಾಂತಿ ಅಂತೆ,” ಎಂದರು. ಟೀಚರ್ ಕಾಫಿ ಲೋಟದೊಳಗೆ ನೋಡುತ್ತಿದ್ದರು.

ಮಗಳು ನನ್ನ ಕಾಲೇಜು ಎಂದದ್ದು, ಳದ ಬಾಲದ ಮಾತು, ಎರಡನ್ನೂ ನಾನು ಅವತ್ತೇ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನಾನು ಯಾವಾಗಲೂ ಅಚ್ಚುಕಟ್ಟು.

ಟೀಚರ್ ಅರ್ಧ ಗಂಟೆ ಬರೆದರು. ಹಾಸ್ಟೆಲ್ ಸೇರಿದ್ದು ಗೆರೆಯ ಕೆಳಗೆ, ಹಾಸ್ಟೆಲ್ ಬಿಟ್ಟದ್ದೂ ಕೆಳಗೆ. ‘ಅಪ್ಪ ಬುದ್ಧನ ಫೋಟೋ ತಂದರು, ಇನ್ನು ಮೇಲೆ ಯಾರ ಮನೆಯ ಬಾಗಿಲಲ್ಲೂ ಬಗ್ಗಬೇಡ ಅಂದರು’ ಎಂಬುದು ಮೇಲೆ. ಕೊನೆಯಲ್ಲಿ ಒಂದೇ ಜಾಗಕ್ಕೆ ಎರಡು ಬಿಂದು ಇಟ್ಟಿದ್ದರು. ಮೇಲಿನದು ಇಡೀ ಹಾಳೆಯಲ್ಲೇ ಎತ್ತರದ್ದು: ‘ಮನೆ ಸಿಕ್ಕಿತು. ಬೆಳಗ್ಗೆ ಕಿಟಕಿಯಿಂದ ಬೆಟ್ಟ ಕಾಣುತ್ತದೆ.’ ಅದರ ನೇರ ಕೆಳಗೆ, ಹಾಳೆಯ ಅಂಚಿಗೆ ತಾಗುವಷ್ಟು ಆಳದಲ್ಲಿ: ‘ಯಾವ ಜನ ಅಂದರು. ಗೌರಿಬಿದನೂರು ಕಡೆ ಜನ ಅಂದೆ. ಸುಳ್ಳು.’

ಆ ‘ಸುಳ್ಳು’ವಿನ ಳ ತನ್ನ ಬಾಲವನ್ನು ಕೆಳಕ್ಕೆ ಎಳೆದು, ಒತ್ತಕ್ಷರವನ್ನು ಬಳಸಿ, ಒಳಗೆ ಸುತ್ತಿಕೊಂಡಿತ್ತು.

ನಾನು ಅದಕ್ಕೆ ಬೆರಳಿಟ್ಟೆ.

“ಇದಕ್ಕೆ ಮುಂಚೆ ನಾಕು ಮನೆ ಕೇಳಿದ್ದೆ ಮೇಡಂ. ನಾಕು ಕಡೆನೂ ನಿಜ ಹೇಳ್ದೆ. ನಾಕು ಕಡೆನೂ ಮನೆ ಅವತ್ತೇ ಬೆಳಗ್ಗೆ ಬೇರೆಯವರಿಗೆ ಆಗೋಗಿತ್ತು.” ಸ್ವಲ್ಪ ನಕ್ಕರು. “ಇಲ್ಲಿ ಆಂಟಿ ‘ಯಾವ ಜನಮ್ಮ ನೀವು’ ಅಂದಾಗ ‘ಗೌರಿಬಿದನೂರು ಕಡೆ ಜನ’ ಅಂದೆ. ‘ಓ, ನಮ್ಮ ಕಡೆಯೋರೇ ಬಿಡಮ್ಮ’ ಅಂದ್ರು. ನಾನು ಹೂಂ ಅನ್ನಲಿಲ್ಲ. ಅಲ್ಲ ಅಂತಾನೂ ಅನ್ನಲಿಲ್ಲ. ಕೀ ತಗೊಂಡೆ.”

“ಹಾಗಾದರೆ ಅದು ಸುಳ್ಳಲ್ಲವಲ್ಲ.”

“ಮಕ್ಕಳಿಗೆ ನಾನು ಅದನ್ನೇ ಸುಳ್ಳು ಅಂತ ಹೇಳ್ಕೊಡ್ತೀನಿ.”

ಒಳಗೆ ತಾಯಿ ಸೊಪ್ಪು ಬಿಡಿಸುತ್ತಿದ್ದರು. ಟೀಚರ್ ದನಿ ತಗ್ಗಿಸಿದರು. “ಈ ಮನೆ ಹೋದ್ರೆ ಅಮ್ಮನ್ನ ಕರ್ಕೊಂಡು ಮತ್ತೆ ಮನೆ ಮನೆ ಮೆಟ್ಲು ಹತ್ತೋಕೆ ನನ್ನ ಕೈಲಾಗಲ್ಲ. ಇದು ಹೊರಗೆ ಹೋಗಬಾರದು ಮೇಡಂ.”

“ಹೋಗಲ್ಲ,” ಎಂದೆ.

ನನ್ನ ಬಳಿ ಆಗ ಇಪ್ಪತ್ತಕ್ಕೂ ಹೆಚ್ಚು ಹಾಳೆಗಳಿದ್ದವು. ಶನಿವಾರದ ಪಾಠಕ್ಕೆ ಒಂದು ಉದಾಹರಣೆ ಬೇಕಿತ್ತು. ಶುಕ್ರವಾರ ಸಂಜೆ ಎಲ್ಲವನ್ನೂ ಹರಡಿ ನೋಡಿದೆ. ಟೀಚರ್ ಅವರ ಹಾಳೆಯನ್ನು ಆರಿಸಿದ್ದಕ್ಕೆ ನಾನು ಆಮೇಲೆ ಹೇಳಿಕೊಂಡ ಕಾರಣ, ಒಂದೇ ಘಟನೆ ಗೆರೆಯ ಮೇಲೂ ಕೆಳಗೂ ಇರುವುದು ಅಪರೂಪ ಎಂಬುದು. ನಿಜವಾದ ಕಾರಣ ಅದಕ್ಕಿಂತ ಸಣ್ಣದು. ಅವರ ಅಕ್ಷರ ಸ್ಪಷ್ಟವಾಗಿತ್ತು. ಹಿಂದಿನ ಬೆಂಚಿನವರೆಗೂ ಕಾಣುತ್ತಿತ್ತು. ಹೊಸದಾಗಿ ಎಳೆದು ಟೈಪ್ ಮಾಡಿದರೆ ಆ ಜೀವ ಇರುವುದಿಲ್ಲ ಅನ್ನಿಸಿತು. ಪಾಠವೂ ಸಂಶೋಧನೆಯ ಭಾಗವೇ ಎಂದುಕೊಂಡು ಟೇಪು ಹುಡುಕಿದೆ.

ಶನಿವಾರ ಪಾಠ ಚೆನ್ನಾಗಿ ನಡೆಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೆ ನಡೆದದ್ದು ಹಾಗೆಯೇ. ಅಷ್ಟು ಸದ್ದಿಲ್ಲದ ತರಗತಿಯನ್ನು ನಾನು ಆ ವರ್ಷ ಕಂಡಿರಲಿಲ್ಲ. ಪುಸ್ತಕಗಳಲ್ಲಿ ಯುವಕರು ‘ನಾನು ಯಾರು’ ಎಂದು ತಮ್ಮನ್ನೇ ಕೇಳಿಕೊಳ್ಳುತ್ತಾರೆ, ನಮ್ಮಲ್ಲಿ ಆ ಪ್ರಶ್ನೆಯನ್ನು ಮನೆ ಬಾಡಿಗೆಗೆ ಕೊಡುವವರು ಮೊದಲು ಕೇಳುತ್ತಾರೆ ಎಂದೆ. ಕೆಲವರು ಬರೆದುಕೊಂಡರು. ಕೆಲವರು ಫೋನೆತ್ತಿ ಪರದೆಯ ಫೋಟೋ ತೆಗೆದರು. ಅವರು ದಿನವೂ ತೆಗೆಯುತ್ತಾರೆ. ನಾನು ದಿನವೂ ಸುಮ್ಮನಿರುತ್ತೇನೆ.

ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಮೇಜಿನ ಹತ್ತಿರ ಬಂದಳು.

“ಮ್ಯಾಮ್, ಆ ಚಾರ್ಟ್ ಬರೆದಿದ್ದು ಯಾರು?”

“ಅದನ್ನು ಹೇಳುವ ಹಾಗಿಲ್ಲಮ್ಮ. ಗೋಪ್ಯತೆ ಅಂದರೆ ಏನು ಅಂತ ಹೋದ ವಾರ ಓದಿದೆವಲ್ಲ?”

“ಓಕೆ ಮ್ಯಾಮ್.” ಒಂದು ಕ್ಷಣ ನಿಂತು, “ಅಕ್ಷರ ನೋಡಿದಂಗಿತ್ತು, ಅದಕ್ಕೆ,” ಎಂದು ಹೊರಟಳು.

ಗೋಪ್ಯತೆಯನ್ನು ಎತ್ತಿಹಿಡಿದೆ ಎಂಬ ಸಮಾಧಾನದಲ್ಲಿ ಸ್ಟಾಫ್ ರೂಮಿಗೆ ಹೋಗಿ ಊಟದ ಡಬ್ಬಿ ಬಿಚ್ಚಿದೆ.

ಸೋಮವಾರ ಮಧ್ಯಾಹ್ನ, ಹನ್ನೆರಡು ದಾಟಿತ್ತು, ಟೀಚರ್ ಫೋನ್ ಮಾಡಿದರು. ಹಿಂದೆ ಮಕ್ಕಳ ಗದ್ದಲ.

“ಮೇಡಂ, ಒಂದು ಮಾತು. ನನ್ನ ಪೇಪರ್ ಯಾರಿಗಾದ್ರೂ ತೋರ್ಸಿದ್ರಾ?”

“ಇಲ್ಲಮ್ಮ. ಯಾಕೆ?”

ಇಷ್ಟೇ. ಯೋಚಿಸಲು ನಿಲ್ಲಲಿಲ್ಲ. ಅವರ ಹಾಳೆ ಎಂದು ಯಾರಿಗೂ ತೋರಿಸಿಲ್ಲ, ಹೆಸರು ಮುಚ್ಚಿದ ಹಾಳೆಯನ್ನು ತೋರಿಸಿದ್ದೇನೆ ಎಂಬ ತರ್ಕ ಉತ್ತರದ ನಂತರ ಬಂತು. ಮೊದಲು ಬಂದದ್ದು ‘ಇಲ್ಲ’.

“ಏನಿಲ್ಲ ಬಿಡಿ. ನಿನ್ನೆಯಿಂದ ಆಂಟಿ ಮುಖ ಕೊಟ್ಟು ಮಾತಾಡ್ತಿಲ್ಲ. ಚಿಕ್ಕವಳನ್ನ ಟ್ಯೂಷನ್ನಿಗೂ ಕಳಿಸ್ಲಿಲ್ಲ. ಅಮ್ಮನ್ನ ಕರ್ಕೊಂಡು ಇವತ್ತೇ ಗೌರಿಬಿದನೂರಿಗೆ, ಮಾವನ ಮನೆಗೆ ಹೋಗ್ಬಿಡಣ ಅಂತಿದ್ದೆ. ಅರ್ಧ ದಿನ ರಜಾ ಕೂಡ ಕೇಳಿದ್ದೆ. ಹೆದರಿಕೊಂಡೆ ಅಷ್ಟೇ. ನೀವು ತೋರ್ಸಿಲ್ಲ ಅಂದ್ಮೇಲೆ ಬೇರೆ ಏನೋ ಇರ್ಬೇಕು.”

“ಇರಬೇಕು,” ಎಂದೆ.

ಅವರು ರಜೆ ವಾಪಸು ಪಡೆದು ತರಗತಿಗೆ ಹೋದರು. ತಾಯಿ ಮನೆಯಲ್ಲೇ ಉಳಿದರು.

ಫೋನಿಟ್ಟ ಮೇಲೆ ‘ಅಕ್ಷರ ನೋಡಿದಂಗಿತ್ತು’ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಎರಡು ಗಂಟೆಗಿದ್ದ ಪಾಠ ಮುಗಿಸಿಯೇ ಟಿಪ್ಪಣಿ ಪುಸ್ತಕ ತೆಗೆದದ್ದು. ನನ್ನದೇ ಬರಹ: ‘ಮನೆಯೊಡತಿಯ ಹಿರಿಯ ಮಗಳು ನಮ್ಮ ಕಾಲೇಜು, ಬಿಎ. ಕಿರಿಯವಳ ಅಕ್ಷರದ ಬಗ್ಗೆ ತಮಾಷೆ, ಳಕ್ಕೆ ಬಾಲ.’ ಹಾಜರಿ ಪುಸ್ತಕ ತರಿಸಿ, ಶನಿವಾರ ನನ್ನ ಮೇಜಿನ ಹತ್ತಿರ ಬಂದವಳ ವಿಳಾಸ ನೋಡಿದೆ. ಶಿಡ್ಲಘಟ್ಟ. ಬೀದಿಯೂ ಅದೇ.

ಟೀಚರಿಗೆ ಫೋನ್ ಮಾಡಿದೆ. ಪಾಠದಲ್ಲಿದ್ದರೇನೋ, ಎತ್ತಲಿಲ್ಲ. ಮೂರು ಸಲ ಮಾಡಿದೆ. ‘ಮನೆಗೆ ಹೋಗಬೇಡಿ, ನಾನು ಬರುತ್ತಿದ್ದೇನೆ’ ಎಂದು ಮೆಸೇಜು ಹಾಕಿ ಬಸ್ಸು ಹತ್ತಿದೆ. ಆ ಮೆಸೇಜನ್ನು ಅವರು ನೋಡಿದ್ದು ಮರುದಿನ, ಆಸ್ಪತ್ರೆಯಲ್ಲಿ.

ಅಂಗಳಕ್ಕೆ ಕಾಲಿಟ್ಟಾಗ ನಾಲ್ಕೂವರೆ. ಘಟಕದಲ್ಲಿ ಕೆಲಸ ನಡೆದಿತ್ತು. ತೊಟ್ಟಿಗಳಿಂದ ಹಬೆ ಏಳುತ್ತಿತ್ತು, ಬೆಂದ ಹುಳದ ವಾಸನೆ ಗಂಟಲಿಗೆ ಅಂಟುತ್ತಿತ್ತು. ಬೀದಿಯ ಬದಿಯಲ್ಲಿ ಪಾತ್ರೆಗಳು, ಒಂದು ಸ್ಟವ್, ಹಗ್ಗದಲ್ಲಿ ಕಟ್ಟಿದ ಪುಸ್ತಕಗಳು. ಬುದ್ಧನ ಫೋಟೋವನ್ನು ಯಾರೋ ಗೋಡೆಗೆ ಮುಖ ಮಾಡಿ ಒರಗಿಸಿದ್ದರು. ಮಹಡಿ ಮೆಟ್ಟಿಲ ಮೇಲ್ತುದಿಯಲ್ಲಿ ಟೀಚರ್ ತಾಯಿ ಒಂದು ತಗಡಿನ ಟ್ರಂಕಿನ ಮೇಲೆ ಕೈಯಿಟ್ಟು ಕೂತಿದ್ದರು. ಏಳುವುದಿಲ್ಲ ಎಂಬಂತೆ ಕೂತಿದ್ದರು. ಮನೆಯೊಡತಿ ಅಂಗಳದ ನಡುವೆ, ಅವರ ತಮ್ಮ ಮೆಟ್ಟಿಲ ಬುಡದಲ್ಲಿ. ಯಜಮಾನರು ಕಾಣಲಿಲ್ಲ. ನೂಲು ತೆಗೆಯುವ ಹೆಂಗಸರು ಕೈ ನಿಲ್ಲಿಸದೆ ಇತ್ತ ನೋಡುತ್ತಿದ್ದರು.

“ಬನ್ನಿ ಮೇಡಂ,” ಎಂದರು ಮನೆಯೊಡತಿ. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. “ನಾನು ಹಬ್ಬಕ್ಕೆ ಹೋಳಿಗೆ ಕಳಿಸ್ತಿದ್ದೆ. ಒಳಕ್ಕೆ ಕರೆದು ಕುಂಕುಮ ಕೊಟ್ಟೆ. ಎಂಥ ಮೋಸ ನೋಡಿ. ಕೇಳಿದಾಗ ಹೇಳೋಕೆ ಬಾಯಿ ಇರ್ಲಿಲ್ವಾ?”

“ಹೇಳಿದ್ದರೆ ಮನೆ ಕೊಡುತ್ತಿದ್ದಿರಾ?” ಎಂದು ಕೇಳಬೇಕಿತ್ತು. ಆ ಪ್ರಶ್ನೆ ನನಗೆ ಹೊಳೆದದ್ದು ವಾಪಸು ಬರುವ ಬಸ್ಸಿನಲ್ಲಿ.

ಮನೆಯೊಡತಿಯ ತಮ್ಮ ತನ್ನ ಫೋನನ್ನು ನನ್ನ ಮುಖದ ಹತ್ತಿರ ಹಿಡಿದ. ನನ್ನ ಸ್ಲೈಡು. ಮೂಲೆಯಲ್ಲಿ ನನ್ನದೇ ತಲೆಯ ನೆರಳು.

“ಇದು ನಿಮ್ದೇ ಪಾಠ ಅಲ್ವಾ ಮೇಡಂ? ನಮ್ಮ ಹುಡುಗಿ ತೋರ್ಸಿದ್ಲು.”

ಆಗಲೂ ದಾರಿ ಇತ್ತು. ತಪ್ಪು ನನ್ನದು, ಇದನ್ನು ತೋರಿಸುವ ಹಕ್ಕು ನನಗಿರಲಿಲ್ಲ, ಇವರನ್ನು ಇಲ್ಲಿಂದ ಎಬ್ಬಿಸುವ ಹಕ್ಕು ನಿಮಗಿಲ್ಲ ಎನ್ನಬಹುದಿತ್ತು.

“ಪಾಠ ನನ್ನದೇ,” ಎಂದೆ. “ಆದರೆ ಅದು ಉದಾಹರಣೆ ಅಷ್ಟೇ. ನಾನೇ ಕಟ್ಟಿ ಬರೆದದ್ದು. ಟೀಚರಿಗೂ ಅದಕ್ಕೂ ಸಂಬಂಧವಿಲ್ಲ.”

ಟೀಚರನ್ನು ಉಳಿಸಲು ಹಾಗೆ ಹೇಳಿದೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಆ ಸುಳ್ಳು ನಿಂತಿದ್ದರೆ ಅವರಿಗಿಂತ ಮೊದಲು ಉಳಿಯುತ್ತಿದ್ದವಳು ನಾನು.

ಅವನು ನಕ್ಕ. ಒಳಗೆ ಹೋಗಿ ಚಿಕ್ಕವಳ ಕಾಪಿ ಪುಸ್ತಕ ತಂದು ಒಂದು ಪುಟ ಬಿಡಿಸಿದ. ಮೇಲಿನ ಸಾಲಿನಲ್ಲಿ ಟೀಚರ್ ಬರೆದುಕೊಟ್ಟ ‘ಕೊಳಲು, ಹಳ್ಳಿ, ಮಳೆ’. ಕೆಳಗೆ ಹುಡುಗಿಯ ಸಾಲುಗಳು. ಪ್ರತಿ ಳಕ್ಕೂ ಬಾಲ.

“ನೀವೇ ಬರೆದಿದ್ದು ಅಂತೀರಲ್ಲ, ಬರೀರಿ ನೋಡಣ. ಬರಿ ಒಂದು ಸುಳ್ಳು ಬರೀರಿ ಸಾಕು.”

ನೂಲು ತೆಗೆಯುವವರಲ್ಲಿ ಒಬ್ಬಾಕೆ ಕಿಸಕ್ಕನೆ ನಕ್ಕು ಸೆರಗು ಬಾಯಿಗೆ ಹಿಡಿದಳು.

ಅವನು ಪೆನ್ನು ಕೊಟ್ಟ. ನಾನು ತೆಗೆದುಕೊಂಡೆ. ಈ ಜಾಗಕ್ಕೆ ಬಂದಾಗ ಪ್ರತಿ ಸಲವೂ ನಿಲ್ಲುತ್ತೇನೆ. ಪೆನ್ನು ತೆಗೆದುಕೊಂಡು, ಆ ಮಗುವಿನ ಪುಸ್ತಕದ ಖಾಲಿ ಸಾಲಿನಲ್ಲಿ, ‘ಸು’ ಬರೆದು, ಳದ ಬಾಲವನ್ನು ಹೇಗೆ ಎಳೆಯಬೇಕೆಂದು ಮೇಲಿನ ಸಾಲು ನೋಡಿದೆ. ಎರಡು ದಶಕ ಓದಿ, ಕಲಿಸಿ, ಕೊನೆಗೆ ಒಂದು ಅಂಗಳದಲ್ಲಿ ನಿಂತು ಇನ್ನೊಬ್ಬರ ಅಕ್ಷರವನ್ನು ಕದಿಯಲು ನೋಡುತ್ತಿದ್ದೆ.

“ಬಿಡಿ ಮೇಡಂ. ಅದು ನಂದೇ ಅಕ್ಷರ.”

ಟೀಚರ್ ಗೇಟಿನಲ್ಲಿ ನಿಂತಿದ್ದರು. ಹೆಗಲಲ್ಲಿ ಬ್ಯಾಗು, ಕೈಯಲ್ಲಿ ತಿದ್ದಲು ತಂದ ಪುಸ್ತಕಗಳ ಕಟ್ಟು. ನನ್ನನ್ನು ನೋಡಿದರು. ಆ ನೋಟ ಬೀದಿಯಲ್ಲಿದ್ದ ಸಾಮಾನಿನ ಮೇಲೆ ಎಷ್ಟು ಹೊತ್ತು ನಿಂತಿತ್ತೋ ಅಷ್ಟೇ ಹೊತ್ತು ನನ್ನ ಮೇಲೆ ನಿಂತಿತು. ಆಮೇಲೆ ಮನೆಯೊಡತಿಯ ಕಡೆ ತಿರುಗಿದರು.

“ಆಂಟಿ, ನಾನು ಬರೆದಿದ್ದೇ ಅದು. ಅದ್ರಲ್ಲಿರೋದೆಲ್ಲ ನಿಜ. ತಿಂಗಳ ಕೊನೆಗೆ ಬಿಡ್ತೀನಿ. ಇವತ್ತು ಅಮ್ಮನ್ನ ಮುಟ್ಟಬೇಡಿ ಅಂತ ಹೇಳಿ ನಿಮ್ಮ ತಮ್ಮಂಗೆ.”

“ಇನ್ನೂ ತಿಂಗಳ ಕೊನೆ ಅಂತೆ,” ಎಂದು ಆ ತಮ್ಮ ಎರಡೆರಡು ಮೆಟ್ಟಿಲು ಹತ್ತಿ ಟ್ರಂಕಿನ ಹಿಡಿಗೆ ಕೈ ಹಾಕಿ ಎಳೆದ.

ತಾಯಿ ಬಿಡಲಿಲ್ಲ. ಟ್ರಂಕು ಒಂದು ಮೆಟ್ಟಿಲು ಜಾರಿತು, ಅದರ ಜೊತೆ ಅವರೂ. ಎರಡನೆಯ ಸಲ ಎಳೆದಾಗ ಹಿಡಿ ಕಿತ್ತು ಅವನ ಕೈಗೆ ಬಂತು. ಟ್ರಂಕು ಗೋಡೆಗೆ ಬಡಿದು, ಕಂಬಿಯಿಲ್ಲದ ಬದಿಗೆ ಹೊರಳಿತು. ಟೀಚರ್ ಪುಸ್ತಕಗಳನ್ನು ಬಿಸಾಡಿ ಮೆಟ್ಟಿಲ ಕಡೆಗೆ ಓಡಿದ್ದರು. ಟ್ರಂಕು ಕೆಳಗಿನ ತೊಟ್ಟಿಗೆ ಬಿತ್ತು. ಕುದಿಯುವ ನೀರು ಗೂಡುಗಳ ಸಮೇತ ಎದ್ದು ಟೀಚರ್ ಅವರ ಕಾಲುಗಳ ಮೇಲೆ ಸುರಿಯಿತು.

ಮೇಲೆ ತಾಯಿಯ ಒಂದು ಕಾಲು ಮೆಟ್ಟಿಲಿನ ಆಚೆ, ಗಾಳಿಯಲ್ಲಿತ್ತು. ಕೈ ಗೋಡೆಯನ್ನು ಹುಡುಕುತ್ತಿತ್ತು. ಅವರ ನೇರ ಕೆಳಗೆ ಅರ್ಧ ಮುಳುಗಿದ ಟ್ರಂಕು, ಹಬೆ. ಆಗ ನಕ್ಕಿದ್ದಳಲ್ಲ, ಅದೇ ಹೆಂಗಸು, ಚಪ್ಪರದಡಿಯಿಂದ ಜಿಗಿದು ಮೆಟ್ಟಿಲುಗಳನ್ನು ಓಡಿ ಹತ್ತಿ, ತಾಯಿಯ ಸೊಂಟವನ್ನು ಎರಡೂ ಕೈಯಿಂದ ಅಪ್ಪಿ, ಗೋಡೆಗೆ ಒತ್ತಿ ಹಿಡಿದಳು. “ಅಲ್ಲಾಡಬೇಡಮ್ಮ. ನಾನಿದ್ದೀನಿ, ಅಲ್ಲಾಡಬೇಡ,” ಎನ್ನುತ್ತಲೇ ಇದ್ದಳು.

“ಸಾಕು ನಿಲ್ಲಿಸೋ,” ಎಂದು ಮನೆಯೊಡತಿ ತಮ್ಮನಿಗೆ ಹೇಳಿ, ನೆಲಕ್ಕೆ ಕುಸಿದು ಕೂತರು.

ನಾನಿದ್ದ ಜಾಗದಿಂದ ಮೆಟ್ಟಿಲಿಗೆ ಆರು ಹೆಜ್ಜೆ. ಆಮೇಲೆ ಲೆಕ್ಕ ಹಾಕಿದ್ದೇನೆ. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಒಂದು ಕೈಯಲ್ಲಿ ಕಾಪಿ ಪುಸ್ತಕ, ಇನ್ನೊಂದರಲ್ಲಿ ಪೆನ್ನು ಹಾಗೇ ಇದ್ದವು.

ಆಸ್ಪತ್ರೆಯಲ್ಲಿ ಟೀಚರ್ ಅವರ ಕಾಲಿಗೆ ಔಷಧಿ ಹಚ್ಚಿ ಬಟ್ಟೆ ಸುತ್ತಿದರು. ಎಡ ಕಣಕಾಲಿನಿಂದ ಬೆರಳವರೆಗೆ ಬೊಬ್ಬೆ ಎದ್ದಿತ್ತು, ಬಲಗಾಲಿಗೆ ಕಡಿಮೆ. ತಾಯಿಗೆ ಏನೂ ಆಗಿರಲಿಲ್ಲ. ಅವರು ಮಗಳ ತಲೆಯ ಹತ್ತಿರ ಕೂತು, ಟ್ರಂಕಿನಲ್ಲಿದ್ದ ಅಪ್ಪನ ಸರ್ಟಿಫಿಕೇಟುಗಳು ನೆನೆದವೋ ಏನೋ ಎಂದು ಎರಡು ಮೂರು ಸಲ ಕೇಳಿದರು. ನನ್ನ ಕಡೆ ನೋಡಲಿಲ್ಲ. ನಾನು ಯಾರೆಂದು, ಏನು ಮಾಡಿದೆನೆಂದು ಅವರಿಗೆ ಆಗ ಗೊತ್ತಾಗಿತ್ತೋ ಇಲ್ಲವೋ ತಿಳಿಯಲಿಲ್ಲ.

ಟೀಚರ್ ದೂರು ಕೊಟ್ಟರು. ಕಣ್ಣಾರೆ ಕಂಡವಳೆಂದು ನನ್ನ ಹೇಳಿಕೆ ಬೇಕಿತ್ತು. ಮರುದಿನ ಬೆಳಗ್ಗೆ ಠಾಣೆಗೆ ಹೋಗುವ ಮೊದಲು ಮಾರ್ಗದರ್ಶಕರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ನೋಡಮ್ಮ,” ಎಂದರು ಅವರು, “ಅಂಗಳದಲ್ಲಿ ಕಂಡದ್ದನ್ನು ಹೇಳು. ಹಾಳೆಯ ವಿಷಯ ಅಲ್ಲಿ ಯಾಕೆ? ಅದು ನಮ್ಮ ಒಳಗಿನ ವಿಚಾರ. ಸಂಶೋಧನಾ ಸಮಿತಿಯ ಮುಂದೆ ನಿಧಾನವಾಗಿ ನೋಡೋಣ. ನಾಲ್ಕು ವರ್ಷದ ಕೆಲಸ ನಿನ್ನದು.”

ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನನ್ನ ಮೇಲಿನ ಕಾಳಜಿಯೇ ಇತ್ತು. ಠಾಣೆಯಲ್ಲಿ ನಾನು ಹಿಂದಿನ ರಾತ್ರಿಯೇ ಟೈಪ್ ಮಾಡಿಟ್ಟ ಒಂದು ಪುಟ ಕೊಟ್ಟೆ. ಅದರಲ್ಲಿ ಹಾಳೆಯ ವಿಷಯ ಇರಲಿಲ್ಲ. ಬರಹ ನೋಡಿಕೊಳ್ಳುತ್ತಿದ್ದ ಪೇದೆ ಅದನ್ನು ಓದಿ ಬದಿಗಿಟ್ಟು, ಬಿಳಿ ಹಾಳೆ ಮುಂದೆ ತಳ್ಳಿದರು.

“ಟೈಪಿಂಗ್ ಬೇಡ ಮೇಡಂ. ನಿಮ್ಮ ಸ್ವಂತ ಅಕ್ಷರದಲ್ಲೇ ಬರೀರಿ. ಸಾಹೇಬ್ರು ಹಂಗೇ ಕೇಳ್ತಾರೆ.”

ಬರೆಯತೊಡಗಿದೆ. ‘ಸೋಮವಾರ ಸಂಜೆ ನಾಲ್ಕೂವರೆಗೆ’ ಎಂದು ಶುರುಮಾಡಿ ನಿಲ್ಲಿಸಿದೆ. ಅದನ್ನು ಹೊಡೆದುಹಾಕಿ ‘ಶುಕ್ರವಾರ ಸಂಜೆ’ ಎಂದು ಬರೆದೆ. ಟೇಪು, ಫೋಟೋ, ತರಗತಿ, ಫೋನಿನಲ್ಲಿ ‘ಇಲ್ಲ’ ಎಂದದ್ದು, ಅಂಗಳದಲ್ಲಿ ನಾನೇ ಬರೆದದ್ದು ಎಂದದ್ದು, ಪೆನ್ನು ಹಿಡಿದದ್ದು ಎಲ್ಲವನ್ನೂ ಬರೆದೆ. ಪೇದೆ ಓದಿ ಕತ್ತೆತ್ತಿದರು. “ಇದೆಲ್ಲ ಬೇಕಾ ಮೇಡಂ?” ಎಂದರು. ಬೇಕು ಎಂದೆ. ಅದೇ ಹೇಳಿಕೆಯ ನಕಲನ್ನು ಕಾಲೇಜಿಗೂ ಸಂಶೋಧನಾ ಸಮಿತಿಗೂ ಕಳಿಸಿದೆ. ಸಂಶೋಧನೆ ಸದ್ಯಕ್ಕೆ ನಿಂತಿದೆ. ಮುಂದೇನೋ ಗೊತ್ತಿಲ್ಲ, ಕೇಳಿಕೊಂಡೂ ಹೋಗಿಲ್ಲ. ಆ ವಿದ್ಯಾರ್ಥಿನಿ ಈಗ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೋಗಿದ್ದಾಳೆ. ಅವಳಿಗೆ ಹೇಳಬೇಕಾದ ಮಾತು ಇನ್ನೂ ನನ್ನಲ್ಲಿ ಕೂಡಿಬಂದಿಲ್ಲ.

ಮೂರು ವಾರದ ನಂತರ ಗೌರಿಬಿದನೂರಿಗೆ ಹೋದೆ. ಭಾಗವಹಿಸಿದವರು ಹಿಂದೆ ಸರಿದರೆ ಮೂಲ ಹಾಳೆಯನ್ನು ಅವರಿಗೇ ಹಿಂದಿರುಗಿಸಬೇಕು, ಅದೂ ಕ್ರಮವೇ. ಆ ಒಂದು ಕ್ರಮವನ್ನಾದರೂ ಪೂರ್ತಿ ಪಾಲಿಸಲು ನಾನೇ ಹೋದೆ. ಟೀಚರ್ ತಮ್ಮ ಸೋದರಮಾವನ ಮನೆಯ ಹೊರಗಿನ ಕೋಣೆಯಲ್ಲಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ಮಕ್ಕಳ ಪುಸ್ತಕ ತಿದ್ದುತ್ತಿದ್ದರು. ಸಹೋದ್ಯೋಗಿಯೊಬ್ಬರು ತಂದುಕೊಡುತ್ತಾರಂತೆ. ಗೋಡೆಯ ಮೇಲೆ ಅದೇ ಬುದ್ಧನ ಫೋಟೋ, ಗಾಜಿನ ಮೂಲೆ ಒಡೆದಿತ್ತು.

ಹಾಳೆ ಕೊಟ್ಟೆ. ಟೇಪು ಕಿತ್ತ ಜಾಗಗಳಲ್ಲಿ ಕಾಗದದ ಮೇಲ್ಪದರ ಎದ್ದಿತ್ತು. ನಾನು ಬಾಯಿ ತೆರೆದೆ.

“ಕ್ಷಮೆ ಕೇಳಬೇಡಿ ಮೇಡಂ,” ಎಂದರು. “ನೀವು ಕೇಳಿದ್ರೆ ನಾನು ಪರವಾಗಿಲ್ಲ ಅನ್ಬೇಕಾಗತ್ತೆ.”

ಒಳಗಿನಿಂದ ತಾಯಿ ಬಂದು ನನ್ನ ಮುಂದೆ ನೀರಿಟ್ಟು ಹೋದರು.

“ಮನೆ...?” ಎಂದೆ.

“ಹುಡುಕ್ತಿದ್ದೀನಿ. ಈ ಸಲ ಅವರು ಕೇಳೋಕೆ ಮುಂಚೇನೇ ಹೇಳ್ತೀನಿ. ಮೂರಾಯ್ತು. ಒಬ್ಬರು ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾರೆ. ನೋಡಣ.” ಕೆಂಪು ಪೆನ್ನಿನಿಂದ ಒಂದು ಪದ ತಿದ್ದಿ ಪುಟ ತಿರುವಿದರು. “ನಿಮ್ಮನ್ನ ಕೇಳಿದ್ರಾ ಮೇಡಂ, ಮನೆ ಕೊಡೋವಾಗ?”

“ಕೇಳಿದರು.”

“ಏನಂದ್ರಿ?”

“ಹೇಳಿದೆ.”

“ಕೀ ಕೊಟ್ರಾ?”

“ಅವತ್ತೇ ಕೊಟ್ಟರು.”

ಅವರು ಪುಸ್ತಕದ ನಡುವಿನಿಂದ ಒಂದು ಖಾಲಿ ಹಾಳೆ ಹರಿದು, ಸ್ಕೇಲು ಇಟ್ಟು ನಡುವೆ ಅಡ್ಡಗೆರೆ ಎಳೆದು, ನನ್ನ ಮುಂದೆ ಇಟ್ಟರು.

“ಅದನ್ನ ಬರೀರಿ. ಎಲ್ಲಿ ಬರೀತೀರ ನೋಡಣ.”

ಇಪ್ಪತ್ತಕ್ಕೂ ಹೆಚ್ಚು ಜನರ ಮುಂದೆ ಆ ಗೆರೆಯನ್ನು ಇಟ್ಟವಳು ನಾನು. ನನ್ನದನ್ನು ಎಂದೂ ಎಳೆದಿರಲಿಲ್ಲ. ಎಳೆದಿದ್ದರೂ ಕೀ ಸಿಕ್ಕ ದಿನ ಅದರಲ್ಲಿ ಇರುತ್ತಿರಲಿಲ್ಲ. ಅದು ನನ್ನ ಬದುಕಿನಲ್ಲಿ ಒಂದು ಘಟನೆಯೇ ಆಗಿರಲಿಲ್ಲ. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಟೀಚರ್ ಅವಸರ ಮಾಡಲಿಲ್ಲ, ನನ್ನ ಹಾಗೆಯೇ, ಬರೆಯುವವರೆಗೆ ಮಾತನಾಡಲಿಲ್ಲ. ಕೊನೆಗೆ ಗೆರೆಯ ಕೆಳಗೆ, ಆದಷ್ಟು ಆಳದಲ್ಲಿ, ‘ಕೀ ಕೊಟ್ಟರು’ ಎಂದು ಬರೆದೆ.

ಅವರು ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿ ಓದಿದರು. ಮಗುವಿನ ಕಾಪಿ ತಿದ್ದುವಾಗಿನ ಅದೇ ಮುಖ.

“ಮೇಲೆ ಬರೀರಿ ಮೇಡಂ,” ಎಂದರು. “ಅವತ್ತು ನಿಮಗೆ ಖುಷಿಯಾಗಿತ್ತಲ್ಲ. ಸುಳ್ಳು ಬೇಡ.”

ಕೆಳಗಿನದನ್ನು ಹೊಡೆದು ಮೇಲೆ ಬರೆದೆ.